ಪಾನಕದ ಪರಂಪರೆ: ಮಲೆನಾಡಿನ ಹುಳಿಹಣ್ಣುಗಳು ಮತ್ತು ಶ್ರಾವಕರ ಅತಿಥಿ ಸತ್ಕಾರ

ಕೊಪ್ಪ ತಾಲ್ಲೂಕಿನ ಜಯಪುರದಿಂದ ಬಾಳೆಹೊಳೆ, ಕಳಸಗಳ ಕಡೆಗೆ ಸಾಗುವ ದಾರಿಯಲ್ಲಿ ಬಸರೀಕಟ್ಟೆ ಎಂಬ ಊರಿದೆ. ಅಡಿಕೆ, ಕಾಫಿ, ಮೆಣಸು, ಏಲಕ್ಕಿಗಳ ಸೀಮೆಯಿದು. ಊರಿನ ಹೆಸರಿನಲ್ಲಿಯೇ ಬಸರಿಯ ಮರವೂ ಕಟ್ಟೆಯೂ ಕೂಡಿಕೊಂಡಿವೆ. ಹಿಂದಿನ ಕಾಲದಲ್ಲಿ ಮರದ ಕಟ್ಟೆಯೆಂದರೆ ದಾರಿಹೋಕನು ಹೊರೆಯಿಳಿಸಿ ದಣಿವಾರಿಸಿಕೊಳ್ಳುವ ತಾಣ. ಬಾಯಾರಿದವನಿಗೆ ನೀರನ್ನೋ ಮಜ್ಜಿಗೆಯನ್ನೋ ಕೊಡುವ ಅರವಟ್ಟಿಗೆಗಳ ಉಲ್ಲೇಖ ಕರ್ನಾಟಕದ ಶಾಸನಗಳಲ್ಲಿ ದೊರೆಯುತ್ತದೆ. ನೆರಳು ಮತ್ತು ನೀರು, ಇವೆರಡೇ ನಮ್ಮ ನಾಡಿನ ಅತಿಥಿ ಸತ್ಕಾರದ ಮೊದಲ ಪಾಠಗಳು.

ಶ್ರಾವಕರಿಗೆ ಬಸರಿಯ ಮರ ಇನ್ನೊಂದು ಕಾರಣದಿಂದಲೂ ಪರಿಚಿತವಾದುದು. ಆಲ, ಅರಳಿ, ಅತ್ತಿ, ಬಸರಿ, ಗೋಳಿ ಎಂಬ ಪಂಚೋದುಂಬರ ಫಲಗಳ ತ್ಯಾಗವು ಮದ್ಯ, ಮಾಂಸ, ಮಧುಗಳ ತ್ಯಾಗದೊಡನೆ ಸೇರಿ ಅಷ್ಟಮೂಲಗುಣಗಳೆನಿಸಿದೆ. ಈ ಜಾತಿಯ ಹಣ್ಣುಗಳ ಒಡಲಿನಲ್ಲಿ ಸೂಕ್ಷ್ಮ ಕಣಜಗಳು ಹುಟ್ಟಿ ಬೆಳೆಯುತ್ತವೆ ಎಂಬುದನ್ನು ಇಂದಿನ ಸಸ್ಯವಿಜ್ಞಾನವೂ ವಿವರಿಸುತ್ತದೆ. ಆದುದರಿಂದ ಬಸರಿಯ ನೆರಳು ಗ್ರಾಹ್ಯ, ಅದರ ಹಣ್ಣು ತ್ಯಾಜ್ಯ. ಮರವನ್ನು ಪ್ರೀತಿಸುತ್ತಲೇ ಅದರ ಫಲವನ್ನು ಬಿಟ್ಟುಕೊಡುವ ಈ ವಿವೇಕವೇ ಅತಿಥಿಯ ಮುಂದಿಡುವ ಪ್ರತಿಯೊಂದು ಪಾತ್ರೆಯ ಹಿಂದೆಯೂ ಇರಬೇಕಾಯಿತು. ಹಬ್ಬ, ಮದುವೆ, ಬಸದಿಯ ಉತ್ಸವಗಳಲ್ಲಿ ಬಂದವರಿಗೆ ಕುಡಿಯಲು ಕೊಡುವುದೇನು ಎಂಬುದು ಮೇಲ್ನೋಟಕ್ಕೆ ಅಡಿಗೆಮನೆಯ ಪ್ರಶ್ನೆ. ವಾಸ್ತವದಲ್ಲಿ ಅದಕ್ಕೆ ದೀರ್ಘವಾದ ಚರಿತ್ರೆಯಿದೆ.

ಈ ಸೀಮೆ ಜೈನ ಸಂಸ್ಕೃತಿಗೆ ಹೊಸತಲ್ಲ. ಶೃಂಗೇರಿಯಲ್ಲಿ ಮಾರಿಸೆಟ್ಟಿಯೆಂಬ ವರ್ತಕನ ನೆನಪಿಗಾಗಿ ಕಟ್ಟಿಸಿದ 12ನೆಯ ಶತಮಾನದ ಪಾರ್ಶ್ವನಾಥ ಬಸದಿ ಇಂದಿಗೂ ಇದೆ. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಚಂದ್ರಪ್ರಭ ತೀರ್ಥಂಕರರ ಯಕ್ಷಿಯಾದ ಜ್ವಾಲಾಮಾಲಿನಿಯ ಸನ್ನಿಧಿಯಿದೆ. ಕಳಸವು ಕಾರ್ಕಳದ ಭೈರರಸರ ಆಳ್ವಿಕೆಗೆ ಸೇರಿದ್ದಿತು. ಆ ವಂಶದ ವೀರಪಾಂಡ್ಯನೇ 1432ರಲ್ಲಿ ಕಾರ್ಕಳದಲ್ಲಿ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದವನು. ಘಟ್ಟದ ಮೇಲಿನ ಮೆಣಸು ಏಲಕ್ಕಿಗಳು ಕೆಳಗಿನ ಬಂದರುಗಳಿಗೆ ಇಳಿಯುತ್ತಿದ್ದ ಕಾಲದಲ್ಲಿ ಅವುಗಳೊಡನೆ ವರ್ತಕರೂ ಯಾತ್ರಿಕರೂ ಈ ಕಾಡುದಾರಿಗಳನ್ನು ತುಳಿದಿದ್ದಾರೆ.

ಆಹಾರವು ಖಾದ್ಯ, ಸ್ವಾದ್ಯ, ಲೇಹ್ಯ, ಪೇಯ ಎಂದು ನಾಲ್ಕು ವಿಧ. ಕುಡಿಯುವುದೂ ಆಹಾರವೇ, ಉಪವಾಸದಲ್ಲಿ ಚತುರ್ವಿಧ ಆಹಾರ ತ್ಯಾಗವೆಂದಾಗ ನೀರೂ ಅದರಲ್ಲಿ ಅಡಗುತ್ತದೆ. ಪೇಯಕ್ಕೆ ನಮ್ಮ ಪುರಾಣಗಳಲ್ಲಿ ದೊರೆತ ಸ್ಥಾನವಾದರೋ ಅಸಾಮಾನ್ಯವಾದುದು. ಈ ಯುಗದ ಮೊದಲ ಆಹಾರದಾನವೇ ಒಂದು ಪಾನೀಯ. ದೀಕ್ಷೆ ವಹಿಸಿದ ವೃಷಭದೇವರು ಆರು ತಿಂಗಳ ಪ್ರತಿಮಾಯೋಗದ ಬಳಿಕ ಆಹಾರಕ್ಕಾಗಿ ಊರೂರು ವಿಹರಿಸಿದರೂ ಜನರಿಗೆ ದಾನದ ವಿಧಿ ತಿಳಿದಿರಲಿಲ್ಲ. ಒಬ್ಬರು ರತ್ನಗಳನ್ನು ತಂದರು, ಒಬ್ಬರು ಆನೆಕುದುರೆಗಳನ್ನು ತಂದರು, ಕನ್ಯೆಯರನ್ನು ಅರ್ಪಿಸಲು ಬಂದವರೂ ಉಂಟು. ಯಾರಲ್ಲಿಯೂ ಭಕ್ತಿಗೆ ಕೊರತೆಯಿರಲಿಲ್ಲ. ಎದುರಿಗಿರುವವರು ಏನನ್ನು ಸ್ವೀಕರಿಸಬಲ್ಲರು ಎಂಬ ಅರಿವು ಮಾತ್ರ ಇರಲಿಲ್ಲ. ಹಸ್ತಿನಾಪುರದಲ್ಲಿ ಸೋಮಪ್ರಭನ ತಮ್ಮನಾದ ಶ್ರೇಯಾಂಸನಿಗೆ ಭಗವಂತರನ್ನು ಕಂಡೊಡನೆ ಪೂರ್ವಭವದ ಸ್ಮರಣೆಯಾಯಿತು. ತಾನು ಶ್ರೀಮತಿಯಾಗಿ, ವಜ್ರಜಂಘನೊಡನೆ ಚಾರಣ ಮುನಿಗಳಿಗೆ ಆಹಾರವಿತ್ತುದು ನೆನಪಿಗೆ ಬಂದಿತು. ಆಗ ಅವನು ಕೊಟ್ಟುದು ಕಬ್ಬಿನ ಹಾಲು. 9ನೆಯ ಶತಮಾನದ ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಬರುವ ಈ ಪ್ರಸಂಗದ ಶ್ರೀಮತಿ ವಜ್ರಜಂಘರು 941ರ ಪಂಪನ ಆದಿಪುರಾಣದ ಮೂಲಕ ಕನ್ನಡಿಗರಿಗೆ ಮನೆಯವರಷ್ಟೇ ಹತ್ತಿರದವರು. ಅಕ್ಷಯ ತೃತೀಯೆಯಂದು ವರ್ಷೀತಪದ ಪಾರಣೆಯನ್ನು ಕಬ್ಬಿನ ಹಾಲಿನಿಂದಲೇ ಮಾಡುವ ರೂಢಿ ಶ್ವೇತಾಂಬರ ಬಂಧುಗಳಲ್ಲಿಯೂ ಬಲವಾಗಿದೆ.

ಶ್ರೇಯಾಂಸನ ಹಿರಿಮೆ ರಸದ ಬೆಲೆಯಲ್ಲಿಲ್ಲ. ಆನೆಯ ಬೆಲೆಯೊಡನೆ ಕಬ್ಬಿನ ಹಾಲಿನ ಬೆಲೆಯನ್ನು ಹೋಲಿಸುವುದೇ ನಗೆಪಾಟಲು. ಅತಿಥಿಯ ವ್ರತವನ್ನು ಅರಿತು ಕೊಟ್ಟನೆಂಬುದೇ ಅವನನ್ನು ದಾನತೀರ್ಥದ ಪ್ರವರ್ತಕನನ್ನಾಗಿ ಮಾಡಿತು. ಇದೇ ಕಾರಣದಿಂದ ಅತಿಥಿಸಂವಿಭಾಗವು ಶಿಕ್ಷಾವ್ರತಗಳಲ್ಲಿ ಒಂದಾಯಿತು. ತತ್ತ್ವಾರ್ಥಸೂತ್ರವು ಅದರ ಅತಿಚಾರಗಳನ್ನು ಐದೆಂದು ಎಣಿಸುತ್ತದೆ: ಸಚಿತ್ತ ವಸ್ತುವಿನ ಮೇಲೆ ಆಹಾರವನ್ನಿಡುವುದು, ಸಚಿತ್ತದಿಂದ ಮುಚ್ಚುವುದು, ಪರರ ಹೆಸರು ಹೇಳಿ ಜಾರಿಕೊಳ್ಳುವುದು, ಇತರ ದಾನಿಗಳ ಮೇಲಿನ ಮಾತ್ಸರ್ಯ, ಕಾಲವನ್ನು ಮೀರುವುದು. ಮುನಿಗಳ ಆಹಾರದಾನಕ್ಕೆ ಹೇಳಿದ ಮಾತುಗಳಿವು, ನಿಜ. ಆದರೂ ಪಾನಕದ ಹಂಡೆಯ ಮೇಲೆ ಆಗತಾನೇ ಕೊಯ್ದ ಬಾಳೆಯೆಲೆಯನ್ನು ಮುಚ್ಚುವ ಮಲೆನಾಡಿನ ಮನೆಗಳಿಗೆ ಎರಡನೆಯದು ತಟ್ಟನೆ ಅರ್ಥವಾಗುತ್ತದೆ. ಪಕ್ಕದ ಮನೆಯ ಮದುವೆಯಲ್ಲಿ ನಾಲ್ಕು ಬಗೆಯ ಪಾನೀಯವಿತ್ತಾದುದರಿಂದ ತಮ್ಮಲ್ಲಿ ಎಂಟು ಬಗೆ ಇರಬೇಕೆನ್ನುವವರಿಗೆ ನಾಲ್ಕನೆಯದು ಅರ್ಥವಾಗಬೇಕು.

ಇನ್ನು ನೀರಿನ ವಿಚಾರ. ಪಾನಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುವುದರಿಂದ ಇದನ್ನು ಬಿಟ್ಟು ರುಚಿಯ ಮಾತಾಡುವಂತಿಲ್ಲ. ಶಾಸ್ತ್ರವು ಹೇಳುವ ಬಟ್ಟೆ 36 ಅಂಗುಲ ಉದ್ದ, 24 ಅಂಗುಲ ಅಗಲದ್ದು. ಅದನ್ನು ಇಮ್ಮಡಿ ಮಾಡಿ ಗಾಳಿಸಬೇಕು. ಗಾಳಿಸಿದ ನೀರು ಒಂದು ಮುಹೂರ್ತ, ಎಂದರೆ 48 ನಿಮಿಷ ಮಾತ್ರ ಬಳಕೆಗೆ ಯೋಗ್ಯ. ಲವಂಗ, ಏಲಕ್ಕಿ ಮೊದಲಾದವುಗಳಿಂದ ಪ್ರಾಸುಕಗೊಳಿಸಿದ ನೀರಿಗೆ ಎರಡು ಪ್ರಹರ, ಎಂದರೆ 6 ಗಂಟೆ. ಚೆನ್ನಾಗಿ ಕುದಿಸಿದ ನೀರಿಗೆ ಎಂಟು ಪ್ರಹರ, ಎಂದರೆ 24 ಗಂಟೆ. ಆಚರಣೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸಗಳಿದ್ದರೂ ಕ್ರಮ ಇದೇ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಜಲಮೂಲಕ್ಕೆ ಮೆಲ್ಲನೆ ಹಿಂದಿರುಗಿಸಬೇಕೆಂಬ ನಿಯಮವಂತೂ ಇಡೀ ವಿಧಿಯ ಹೃದಯ. ಬಾವಿಯ ಜೀವಿ ಬಾವಿಗೆ, ಹಳ್ಳದ ಜೀವಿ ಹಳ್ಳಕ್ಕೆ. ಕುಡಿಯುವವನ ಆರೋಗ್ಯವಷ್ಟೇ ಗುರಿಯಾಗಿದ್ದರೆ ಬಟ್ಟೆಯನ್ನು ಒಮ್ಮೆ ಕೊಡವಿದರೆ ಸಾಕಿತ್ತು. ಗುಡ್ಡದ ಝರಿಯಿಂದ ಕೊಳವೆಯ ಮೂಲಕ ಮನೆಯಂಗಳಕ್ಕೇ ನೀರು ಹರಿದುಬರುವ ಮಲೆನಾಡಿನಲ್ಲಿ ಈ ಹಿಂದಿರುಗಿಸುವ ಕೆಲಸ ಕಷ್ಟವಾದುದೇನೂ ಅಲ್ಲ, ಮರೆತುಹೋಗಿರುವುದಷ್ಟೇ.

ಹಣ್ಣಿನ ರಸದ ಪಾನಕವೂ ಬಲು ಹಳೆಯದು. ಶ್ವೇತಾಂಬರ ಆಗಮಗಳಲ್ಲಿ ಪ್ರಾಚೀನವಾದ ಆಚಾರಾಂಗದ ಎರಡನೆಯ ಭಾಗದಲ್ಲಿ ಮಾವು, ಬೇಲ, ಮಾತುಲುಂಗ, ದ್ರಾಕ್ಷಿ, ಖರ್ಜೂರ, ದಾಳಿಂಬೆ, ತೆಂಗು, ನೆಲ್ಲಿ, ಹುಣಸೆ ಮುಂತಾದವುಗಳ ಪಾನಕಗಳ ಪಟ್ಟಿಯಿದೆ. ಸಿಪ್ಪೆ, ಬೀಜಗಳು ಬೆರೆತ ರಸವನ್ನು ಗೃಹಸ್ಥನು ಮುನಿಗೋಸ್ಕರವೇ ಹಿಂಡಿ ಸೋಸಿ ತಂದರೆ ಅದನ್ನು ಸ್ವೀಕರಿಸಬಾರದೆಂದು ಅಲ್ಲಿ ಹೇಳಿದೆ. ದಿಗಂಬರ ಪರಂಪರೆ ಈ ಗ್ರಂಥವನ್ನು ಪ್ರಮಾಣವೆಂದು ಒಪ್ಪದಿದ್ದರೂ ಚರಿತ್ರೆಯ ಸಾಕ್ಷಿಯಾಗಿ ಅದಕ್ಕೆ ಬೆಲೆಯಿದೆ. ಅಂದಿನ ಗೃಹಸ್ಥರ ಮನೆಯಲ್ಲಿ ಏನೇನು ಹಿಂಡಲಾಗುತ್ತಿತ್ತು ಎಂಬುದು ಈ ನಿಷೇಧದಿಂದಲೇ ನಮಗೆ ತಿಳಿಯುವುದು.

ಮಾತುಲುಂಗವೆಂದರೆ ನಮ್ಮ ಮಾದಲ. ಇದಕ್ಕೆ ಬೀಜಪೂರವೆಂಬ ಹೆಸರೂ ಉಂಟು. ಯಕ್ಷ ಪ್ರತಿಮೆಗಳ ಕೈಯಲ್ಲಿ ಕಾಣುವ ಉಬ್ಬುತಗ್ಗಿನ ಹಣ್ಣು ಅನೇಕ ವೇಳೆ ಇದೇ ಆಗಿರುತ್ತದೆ. ಬಸದಿಯಲ್ಲಿ ದಿನವೂ ಅದನ್ನು ನೋಡುವವರು ಮಾವೆಂದೋ ದಾಳಿಂಬೆಯೆಂದೋ ಭಾವಿಸುವುದುಂಟು. ನಿಂಬೆಯ ಕುಲದ ತವರು ಹಿಮಾಲಯದ ಆಗ್ನೇಯ ತಪ್ಪಲೆಂದು 2018ರಲ್ಲಿ ಪ್ರಕಟವಾದ ತಳಿವಿಜ್ಞಾನದ ಸಂಶೋಧನೆ ತೋರಿಸಿಕೊಟ್ಟಿದೆ. ಮಾದಲ, ಚಕ್ಕೋತ, ಕಿತ್ತಳೆಯ ಮೂಲಜಾತಿಗಳೇ ಹಿರಿಯರು. ನಿಂಬೆಯಾದರೋ ಬೆರಕೆಯಿಂದ ಹುಟ್ಟಿದ ಕಿರಿಯ. ಮಲೆನಾಡಿನ ಹಿತ್ತಿಲುಗಳಲ್ಲಿ ಈ ಕುಟುಂಬದ ಅನೇಕ ಸದಸ್ಯರು ನೆಲೆಸಿದ್ದಾರೆ: ಗಜನಿಂಬೆ, ಕಂಚಿ, ಹೇರಳೆ, ಮಾದಲ, ಚಕ್ಕೋತ. ಕಾಫಿ ತೋಟದ ಮರಗಳ ನಡುವೆ ಕಿತ್ತಳೆಯೂ ಬೆಳೆಯುತ್ತದೆ.

ಈ ರುಚಿಗಳನ್ನು ಬರೆದಿಟ್ಟವರಲ್ಲಿ ಜೈನರು ಮುಂಚೂಣಿಯಲ್ಲಿದ್ದರೆಂಬುದು ಕನ್ನಡ ಸಾಹಿತ್ಯ ಚರಿತ್ರೆಯ ಹೆಮ್ಮೆ. ಸುಮಾರು 1025ರಲ್ಲಿ, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಇಮ್ಮಡಿ ಚಾವುಂಡರಾಯನು ಲೋಕೋಪಕಾರವನ್ನು ರಚಿಸಿದನು. ಗೊಮ್ಮಟನನ್ನು ನಿಲ್ಲಿಸಿದ ಗಂಗರ ಮಂತ್ರಿ ಇವನಲ್ಲ. ಸೂಪಶಾಸ್ತ್ರ, ಅಂತರ್ಜಲ ಶೋಧನೆ, ವೃಕ್ಷಾಯುರ್ವೇದಗಳು ಆ ಒಂದೇ ಗ್ರಂಥದಲ್ಲಿವೆ. ನೀರನ್ನು ಹುಡುಕುವುದು, ಮರವನ್ನು ಬೆಳೆಸುವುದು, ಅಡಿಗೆ ಮಾಡುವುದು ಅವನಿಗೆ ಒಂದೇ ಲೋಕದ ಉಪಕಾರಗಳು. ಕಲ್ಯಾಣದ ಮೂರನೆಯ ಸೋಮೇಶ್ವರನು 1129ರ ಹೊತ್ತಿಗೆ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಅರಸನ ಉಪಭೋಗಗಳ ಸಾಲಿನಲ್ಲಿ ಪಾನೀಯಕ್ಕೂ ಸ್ಥಾನವಿತ್ತನು. 16ನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಅರಸನಾದ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ಸೂಪಶಾಸ್ತ್ರವನ್ನು ಬರೆದು ಪಾನಕಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಇಡೀ ಗ್ರಂಥದಲ್ಲಿ ಮಾಂಸದ ಅಡಿಗೆ ಒಂದೂ ಇಲ್ಲ. ಆದರೆ ಬದನೆಯ ಅಡಿಗೆಗಳು ಧಾರಾಳವಾಗಿವೆ! ಇಪ್ಪತ್ತೆರಡು ಅಭಕ್ಷ್ಯಗಳಲ್ಲಿ ಬದನೆ ಸೇರಿರುವುದನ್ನು ಬಲ್ಲ ಓದುಗರು ಇಲ್ಲಿ ಹುಬ್ಬೇರಿಸಬಹುದು. ಅರಸುಮನೆಯ ಪಾಕಗ್ರಂಥವು ವ್ರತಗ್ರಂಥವಲ್ಲ ಎಂದಷ್ಟೇ ಇದಕ್ಕೆ ಸಮಾಧಾನ. ಇದೇ ಮಂಗರಸನು ಸಮ್ಯಕ್ತ್ವಕೌಮುದಿಯನ್ನೂ ಬರೆದನೆಂಬುದನ್ನು ನೆನೆಯಬೇಕು. ಊರೆಲ್ಲ ಕೌಮುದೀ ಉತ್ಸವಕ್ಕೆ ಹೊರಟಿರುವಾಗ ಅರ್ಹದ್ದಾಸನೆಂಬ ಶ್ರೇಷ್ಠಿಯು ಪತ್ನಿಯರೊಡನೆ ಜಿನಮಂದಿರದಲ್ಲಿ ಧರ್ಮಕಥೆಗಳಲ್ಲಿ ರಾತ್ರಿಯನ್ನು ಕಳೆಯುವ ಕಥೆಯದು. ಪಾನಕದ ರುಚಿ ಬಲ್ಲವನೂ ಉತ್ಸವದ ಮಿತಿ ಬಲ್ಲವನೂ ಒಬ್ಬನೇ ಕವಿ.

ವ್ರತಗ್ರಂಥಗಳು ಏನು ಹೇಳುತ್ತವೆಯೆಂದರೆ, ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಫಲ ಅಲ್ಪವಾಗಿ ಘಾತ ಬಹುವಾಗುವ ವಸ್ತುಗಳಲ್ಲಿ ಹಸಿಶುಂಠಿಯನ್ನು ಹೆಸರಿಸಿ ಬಿಡಿಸುತ್ತದೆ. ಜೇನು ಮೂಲಗುಣದಲ್ಲಿಯೇ ವರ್ಜ್ಯ. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವು ಮದ್ಯವನ್ನು ರಸಜ ಜೀವಿಗಳ ಹುಟ್ಟುನೆಲೆಯೆನ್ನುತ್ತದೆ. ಹುಳಿತು ರುಚಿಗೆಟ್ಟ ಚಲಿತರಸವೂ ತ್ಯಾಜ್ಯವೇ. ಅಂದಮೇಲೆ ಹಬ್ಬದ ಪಾನೀಯವು ಹೊಸದಾಗಿಯೇ ಇರಬೇಕು, ಹೊಸದಾಗಿಯೇ ಮುಗಿಯಬೇಕು. ಇಷ್ಟೆಲ್ಲ ನಿಷೇಧಗಳ ನಡುವೆ ನಿಂಬೆಯ ಕುಲಕ್ಕೆ ಒಂದು ವಿಶೇಷ ಅನುಕೂಲವಿದೆ. ಒಣಗಿದುದು, ಪಕ್ವವಾದುದು, ಕಾಯಿಸಿದುದು, ಹುಳಿ ಉಪ್ಪುಗಳೊಡನೆ ಬೆರೆತುದು, ಯಂತ್ರದಿಂದ ಛೇದಿಸಿದುದು, ಇವು ಪ್ರಾಸುಕವೆಂದು ಪರಂಪರಾಗತವಾದ ಪ್ರಾಕೃತ ಗಾಹೆಯೊಂದು ಸಾರುತ್ತದೆ. ಹುಳಿಯು ಇಲ್ಲಿ ರುಚಿಯಷ್ಟೇ ಅಲ್ಲ, ಶುದ್ಧಿಯ ಸಾಧನವೂ ಹೌದು. 1990ರ ದಶಕದಲ್ಲಿ ಪಶ್ಚಿಮ ಆಫ್ರಿಕದ ಗಿನಿ ಬಿಸಾವಿನಲ್ಲಿ ಕಾಲರಾ ಹಬ್ಬಿದಾಗ ಊಟದ ಸಾರಿಗೆ ನಿಂಬೆರಸ ಹಿಂಡಿಕೊಳ್ಳುತ್ತಿದ್ದವರಿಗೆ ರೋಗ ತಗಲುವುದು ಕಡಿಮೆಯೆಂದು ವೈದ್ಯರು ಕಂಡುಕೊಂಡರು. ಹೀಗೆಂದು ನಿಂಬೆ ಹಿಂಡಿದರೆ ನೀರನ್ನು ಕುದಿಸುವುದು ಬೇಡವೆಂದಲ್ಲ.

ಮಲೆನಾಡಿನ ಮನೆಗೆ ಒಪ್ಪುವ ನಿಂಬೆಯ ಪಾನಕವನ್ನು ಹತ್ತು ಜನ ಅತಿಥಿಗಳಿಗೆ ಹೀಗೆ ಸಿದ್ಧಪಡಿಸಬಹುದು. ಗಾಳಿಸಿ ಕುದಿಸಿ ಆರಿಸಿದ 2 ಲೀಟರ್ ನೀರು, 300 ಗ್ರಾಂ ಬೆಲ್ಲ, 4 ನಿಂಬೆಹಣ್ಣು, 8 ಏಲಕ್ಕಿ, ಅರ್ಧ ಚಮಚ ಒಣಶುಂಠಿಯ ಪುಡಿ, ಕಾಲು ಚಮಚ ಕಾಳುಮೆಣಸಿನ ಪುಡಿ, ಚಿಟಿಕೆ ಉಪ್ಪು. ಬೆಲ್ಲದಲ್ಲಿ ಕಸವೂ ಇರುವೆಯೂ ಇರುವುದುಂಟು. ಆದುದರಿಂದ ಮೊದಲು ಹಗಲ ಬೆಳಕಿನಲ್ಲಿ ಕುಟ್ಟಿ ಪರೀಕ್ಷಿಸಿ, ಅನಂತರ ಸ್ವಲ್ಪ ನೀರಿನಲ್ಲಿ ಕಾಯಿಸಿ ಕರಗಿಸಿ ಬಟ್ಟೆಯಲ್ಲಿ ಸೋಸಬೇಕು. ಪೂರ್ಣ ಆರಿದ ಬಳಿಕವೇ ರಸ ಹಿಂಡಬೇಕು. ಬಿಸಿಯಲ್ಲಿ ಹಿಂಡಿದರೆ ಪರಿಮಳ ಹಾರಿಹೋಗುತ್ತದೆ. ಬೀಜ ಜಜ್ಜಿದರೆ ಅದರಲ್ಲಿರುವ ಲಿಮೊನಿನ್ ಎಂಬ ಅಂಶದಿಂದ ಕಹಿ ಹುಟ್ಟುತ್ತದೆ. ಈ ಕಹಿ ಹಿಂಡಿದ ಕ್ಷಣದಲ್ಲಿ ತಿಳಿಯದೆ ಗಂಟೆಗಳ ಮೇಲೆ ಬಲಿಯುವುದರಿಂದ ಬೆಳಿಗ್ಗೆ ಮಾಡಿಟ್ಟ ಪಾನಕ ಮಧ್ಯಾಹ್ನಕ್ಕೆ ಕೆಡುತ್ತದೆ. ಶಾಸ್ತ್ರದ ಕಾಲಮಿತಿಯೂ ನಾಲಗೆಯ ಕಾಲಮಿತಿಯೂ ಇಲ್ಲಿ ಕೈಜೋಡಿಸಿವೆ.

ಮಾದಲದಲ್ಲಿ ರಸ ಕಡಿಮೆ, ಸಿಪ್ಪೆ ದಪ್ಪ. ಹೊರಪದರವನ್ನು ತೆಳ್ಳಗೆ ಹೆರೆದು ಬಿಸಿ ಬೆಲ್ಲದ ನೀರಿನಲ್ಲಿ ಕಾಲು ಗಂಟೆ ನೆನೆಸಿ ಸೋಸಿದರೆ ನಿಂಬೆಗಿಂತ ಮೃದುವಾದ ಸುಗಂಧ ಬರುತ್ತದೆ. ಕಂಚಿ ಮತ್ತು ಹೇರಳೆಗಳ ರಸ ತೀಕ್ಷ್ಣವಾದುದರಿಂದ ನಿಂಬೆಯ ಅರ್ಧ ಪ್ರಮಾಣದಿಂದ ಆರಂಭಿಸಿ ರುಚಿ ನೋಡುವುದು ಲೇಸು. ಚಳಿಗಾಲದಲ್ಲಿ ಕಿತ್ತಳೆ ದೊರೆತಾಗ ನೀರನ್ನೇ ಬೆರೆಸದೆ ತೊಳೆಗಳ ಪೊರೆ, ಬೀಜ ತೆಗೆದು ಹಿಂಡಿ, ಏಲಕ್ಕಿಯನ್ನಷ್ಟೇ ಹಾಕಿ ಕೊಡಬಹುದು. ಉಪ್ಪಿನಕಾಯಿಯನ್ನು ದೀರ್ಘಕಾಲ ಇಡಲೊಲ್ಲದ ಕಟ್ಟುನಿಟ್ಟಿನ ಮನೆಗಳಲ್ಲಿ ಹಿತ್ತಿಲಿನ ಹುಳಿಹಣ್ಣಿಗೆ ಇದೇ ಉತ್ತಮ ವಿನಿಯೋಗ.

ಕಾಫಿ ಬೆಳೆಯುವ ನಾಡಿನಲ್ಲಿ ಕಾಫಿಯೇ ಅತಿಥಿಗೆ ಮೊದಲ ಉಪಚಾರವಾಯಿತು. ಇಂಗ್ಲೆಂಡಿನ ಹೈರಾಮ್ ಕಾಡ್ 1872ರಲ್ಲಿ ಹಕ್ಕುಸ್ವಾಮ್ಯ ಪಡೆದ ಗೋಲಿಯ ಬಾಟಲಿ ನಮ್ಮ ಜಾತ್ರೆಗಳಿಗೂ ಬಂದು ಗೋಲಿಸೋಡವಾಯಿತು. 1977ರಲ್ಲಿ ದೇಶ ಬಿಟ್ಟುಹೋದ ಕೋಕಾಕೋಲ 1993ರಲ್ಲಿ ಮರಳಿತು. ಆಮೇಲಿನ ಮೂರು ದಶಕಗಳಲ್ಲಿ ಹಬ್ಬದ ಚಪ್ಪರಗಳಲ್ಲಿ ಪಾನಕದ ಹಂಡೆಯ ಜಾಗವನ್ನು ಬಣ್ಣದ ಬಾಟಲಿಗಳು ಬಹುಮಟ್ಟಿಗೆ ಹಿಡಿದುಕೊಂಡಿವೆ. ಕಿತ್ತಳೆಯ ಬಣ್ಣ, ಕಿತ್ತಳೆಯ ಹೆಸರು, ಆದರೆ ಹಣ್ಣಿನ ಅಂಶವಿಲ್ಲವೆಂದು ಚಿಕ್ಕ ಅಕ್ಷರಗಳಲ್ಲಿ ಅಚ್ಚಾದ ಬಾಟಲಿಯನ್ನು ಕಿತ್ತಳೆಯ ಮರದ ಕೆಳಗೇ ನಿಂತು ಕೊಳ್ಳುವ ಸ್ಥಿತಿ ವಿಚಿತ್ರವಾದುದು. ಬಸದಿಗಳ ಆಡಳಿತ ಮಂಡಳಿಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಪೊಟ್ಟಣದ ಆಹಾರದ ಮೇಲಿನ ಹಸಿರು ಚುಕ್ಕೆಯನ್ನು ನಮ್ಮವರು ಶುದ್ಧಿಯ ಮುದ್ರೆಯೆಂದೇ ನಂಬಿದ್ದಾರೆ. ಕಾನೂನಿನ ವ್ಯಾಖ್ಯೆಯಲ್ಲಿ ಹಾಲಿನಂತೆ ಜೇನೂ ಮಾಂಸಾಹಾರದಿಂದ ಹೊರಗಿದೆ. ಆದುದರಿಂದ ಜೇನು ಬೆರೆತ ನಿಂಬೆಯ ಪಾನೀಯಕ್ಕೂ ಹಸಿರು ಚುಕ್ಕೆ ಸಿಗುತ್ತದೆ. ಆ ಚುಕ್ಕೆ ನೀರನ್ನು ಯಾವಾಗ ಗಾಳಿಸಿದರೆಂದೂ ಹೇಳದು, ಹಸಿಶುಂಠಿಯ ಬಗೆಗೂ ಹೇಳದು. ಮಂಜುಗಡ್ಡೆಯದು ಇನ್ನೂ ದೊಡ್ಡ ತೊಡಕು. ಅಭಕ್ಷ್ಯಗಳ ಪಟ್ಟಿಯಲ್ಲಿ ಆಲಿಕಲ್ಲು, ಹಿಮಗಳು ಮೊದಲೇ ಇವೆ. ಸಾಲದುದಕ್ಕೆ ಪೇಟೆಯ ಮಂಜುಗಡ್ಡೆ ಯಾವ ನೀರಿನದೆಂದು ಬಡಿಸುವವನಿಗೂ ತಿಳಿದಿರುವುದಿಲ್ಲ. ಮಲೆನಾಡಿನ ಮಣ್ಣಿನ ಹೂಜಿಯಲ್ಲಿ ಆರಿದ ನೀರಿನ ತಂಪು ಪಾನಕಕ್ಕೆ ಧಾರಾಳವಾಗಿ ಸಾಕು. 2022ರ ಜುಲೈ 1ರಿಂದ ಒಮ್ಮೆ ಬಳಸುವ ಪ್ಲಾಸ್ಟಿಕ್ ಲೋಟಗಳು ದೇಶದಲ್ಲಿ ನಿಷಿದ್ಧವಾಗಿರುವುದರಿಂದ ಉಗ್ರಾಣದ ಹಿತ್ತಾಳೆ, ಉಕ್ಕಿನ ಲೋಟಗಳನ್ನು ಮತ್ತೆ ಹೊರತೆಗೆಯಲು ಕಾರಣವೂ ದೊರೆತಿದೆ.

ಸೋವಿಯ ಪ್ರಶ್ನೆಯನ್ನು ಎತ್ತುವವರೂ ಇದ್ದಾರೆ. ಸಾವಿರ ಜನರಿಗೆ ನಿಂಬೆ ಹಿಂಡುವವರಾರು, ಬಾಟಲಿ ತರಿಸಿದರೆ ಕೆಲಸ ಮುಗಿಯಿತಲ್ಲ ಎಂಬ ಮಾತು ಪ್ರತಿ ಉತ್ಸವದ ಸಿದ್ಧತೆಯ ಸಭೆಯಲ್ಲಿಯೂ ಬರುತ್ತದೆ. ಮಾತು ಸುಳ್ಳಲ್ಲ. ಮೇಲಿನ ಲೆಕ್ಕದಂತೆ ಸಾವಿರ ಜನರಿಗೆ 200 ಲೀಟರ್ ನೀರು, 30 ಕಿಲೋ ಬೆಲ್ಲ, 400 ನಿಂಬೆಹಣ್ಣು ಬೇಕು. ನೀರನ್ನು ಹಿಂದಿನ ದಿನ ಕುದಿಸುವಂತಿಲ್ಲ. ಬೆಳಗಿನ ಜಾವವೇ ಒಲೆ ಹೊತ್ತಬೇಕು. ಹತ್ತು ಮಂದಿ ಕುಳಿತರೆ ಒಬ್ಬೊಬ್ಬರ ಪಾಲಿಗೆ 40 ಹಣ್ಣು. ಒಂದು ಸ್ತೋತ್ರ ಪಾರಾಯಣದ ಹೊತ್ತಿನಲ್ಲಿ ಮುಗಿಯುವ ಕೆಲಸವಿದು.

ಉಳಿಯುವುದು ಕಾಲದ ಪ್ರಶ್ನೆ. ಮಹಾವೀರ ಜಯಂತಿ, ಅಕ್ಷಯ ತೃತೀಯೆಗಳು ಬೇಸಗೆಯಲ್ಲಿ ಬರುವುದರಿಂದ ಹಗಲು ದೀರ್ಘ, ತೊಡಕಿಲ್ಲ. ವೀರನಿರ್ವಾಣದ ದೀಪಾವಳಿ ಹಾಗಲ್ಲ. ಬಸರೀಕಟ್ಟೆಯಂತಹ ಗುಡ್ಡಗಳ ನಡುವಿನ ಊರುಗಳಲ್ಲಿ ಕಾರ್ತಿಕದ ಸೂರ್ಯನು ಪಂಚಾಂಗದ ಗಳಿಗೆಗೆ ಮೊದಲೇ ಬೆಟ್ಟದ ಹಿಂದೆ ಸರಿದು ಕತ್ತಲು ಕವಿಯುತ್ತದೆ. ಅಸ್ತಮಾನಕ್ಕೆ ಎರಡು ಗಳಿಗೆ ಮೊದಲೇ ಆಹಾರವನ್ನು ಮುಗಿಸುವುದು ಶ್ರಾವಕರ ಕ್ರಮ. ಸಂಜೆ ಏಳಕ್ಕೆ ಆರತಕ್ಷತೆಯನ್ನಿಟ್ಟು, ರಾತ್ರಿಭೋಜನ ತ್ಯಾಗಿಗಳಾದ ಹಿರಿಯರ ಕೈಗೆ ಎಷ್ಟೇ ಶುದ್ಧವಾದ ಪಾನಕವನ್ನಿತ್ತರೂ ಅವರು ಅದನ್ನು ಹಾಗೆಯೇ ಕೆಳಗಿಡಬೇಕಾಗುತ್ತದೆ. ಪಾನಕವನ್ನು ನಾಲ್ಕು ಗಂಟೆಗೇ ಹಂಚಿ, ಹಂಡೆ ತೊಳೆದು ಬೋರಲಿಟ್ಟ ಮೇಲೆ ದೀಪಗಳನ್ನು ಹಚ್ಚುವ ಪದ್ಧತಿ ಹಳೆಯ ಮನೆಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆ.